ಹಲಸು ಬಿದ್ದ ಟ್ಯಾಂಕು

ಬೈಕಿನ ಟ್ಯಾಂಕು ಜಜ್ಜಿದ್ದು ಕಂಡರೆ ನಮ್ಮ ಕಡೆಯವರ ಬಾಯಿಗೆ ಬರುವ ಪ್ರಶ್ನೆ ಒಂದೇ: "ಎಲ್ಲಿ ಬಿದ್ದದ್ದು?" ಬಿದ್ದಿರಾ ಎಂದಲ್ಲ, ಏನಾಯಿತು ಎಂದೂ ಅಲ್ಲ. ಬಿದ್ದದ್ದು ತೀರ್ಮಾನವಾಗಿಬಿಟ್ಟಿದೆ, ಇನ್ನು ಜಾಗ ಯಾವುದೆಂದು ಗೊತ್ತಾದರೆ ಸಾಕು. ಬೈಕು ಓಡಿಸುವವಳು ಹೆಂಗಸಾದರೆ ಪ್ರಶ್ನೆಯ ಹಿಂದೆ ಒಂದು ಸಣ್ಣ ನಗುವೂ ಇರುತ್ತದೆ. ಬೆಳ್ಳಾರೆಯಿಂದ ಕಡಬದವರೆಗೆ ನನ್ನನ್ನು ಹಾಗೆ ಕೇಳಿದವರನ್ನೆಲ್ಲ ಒಂದು ಕಡೆ ಸೇರಿಸಿದರೆ ನಿಂತಿಕಲ್ಲಿನ ಪೇಟೆಯಲ್ಲಿ ನಿಲ್ಲಲು ಜಾಗ ಸಾಲದು.

ನಾನು ಬಿದ್ದದ್ದಲ್ಲ. ನಿಲ್ಲಿಸಿದ್ದ ಬೈಕಿನ ಮೇಲೆ ಹಲಸಿನ ಹಣ್ಣು ಬಿದ್ದದ್ದು. ಈ ಎರಡು ವಾಕ್ಯಗಳನ್ನು ಆ ಮಳೆಗಾಲದಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಕೊನೆಕೊನೆಗೆ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳತೊಡಗಿತ್ತು.

ನಾನು ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಬೆಳ್ಳಾರೆಯಿಂದ ಎರಡು ಕಿಲೋಮೀಟರ್ ಒಳಗೆ. ಬಸ್ಸಿನಲ್ಲಿ ಹೋಗುವುದಾದರೆ ಎರಡು ಬಸ್ಸು ಹಿಡಿಯಬೇಕು. ಮೊದಲನೆಯದು ನಿಂತಿಕಲ್ಲಿಗೆ ಬಂದು ಮುಟ್ಟುವ ಐದು ನಿಮಿಷ ಮುಂಚೆ ಎರಡನೆಯದು ಅಲ್ಲಿಂದ ಹೊರಟಿರುತ್ತದೆ. ಆ ಸಮಯ ಗೊತ್ತುಮಾಡಿದ ಪುಣ್ಯಾತ್ಮರು ಜನ್ಮದಲ್ಲಿ ಬಸ್ಸಿಗೆ ಕಾದವರಲ್ಲ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಹೋಗಿ, ಮಕ್ಕಳ ಎದುರು ಹೆಡ್‌ಮಾಸ್ಟರರ ಗಡಿಯಾರ ನೋಡುವ ನಾಟಕವನ್ನು ವರ್ಷಗಟ್ಟಲೆ ಸಹಿಸಿದ ಮೇಲೆ ನಾನು ಬೈಕು ಕಲಿತೆ.

ಬೈಕು ಗಂಡನದು. ಅವರ ಬೆನ್ನಿನ ಡಿಸ್ಕ್ ಜಾರಿ, ಡಾಕ್ಟರು ಬೈಕು ಬೇಡ ಎಂದ ಮೇಲೆ ಅದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಎರಡು ವರ್ಷ ಕೋಳಿಗಳ ಮಂಚವಾಗಿತ್ತು. ಅವರು ಸ್ಕೂಟರ್ ತೆಗೆದುಕೊಂಡರು, ಅದಾದರೆ ಅಡ್ಡಿಯಿಲ್ಲವಂತೆ. ಹೀಗೆ ನಮ್ಮ ಮನೆಯಲ್ಲಿ ಗಂಡಸು ಸ್ಕೂಟರಿನಲ್ಲಿ, ಹೆಂಗಸು ಬೈಕಿನಲ್ಲಿ. ಊರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ? ನಾವಿಬ್ಬರೂ ಒಂದೇ ಹೊತ್ತಿಗೆ ಬೆಳ್ಳಾರೆ ಪೇಟೆಯಲ್ಲಿ ಕಂಡರೆ ಅಂಗಡಿಯವರು ತೂಕ ಮಾಡುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಅತ್ತೆಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ನಾನು ಮೊದಲ ದಿನ ಬೈಕು ಹೊರಗೆ ತೆಗೆಯುವಾಗ ಜಗಲಿಯಲ್ಲಿ ನಿಂತು ಕರಾರು ಹಾಕಿದರು. "ಒಂದು ಸಲ ಬಿದ್ರೆ ಅಲ್ಲಿಗೆ ಮುಗೀತು. ಮತ್ತೆ ಬೈಕು ಕೊಟ್ಟುಬಿಡುದು. ಒಪ್ಪಿಗೆ ಉಂಟಾ?"

"ಒಪ್ಪಿಗೆ ಉಂಟು," ಎಂದೆ. ಸೊಕ್ಕಿನಿಂದಲೇ ಎಂದೆ. ನಾಲ್ಕು ವರ್ಷ, ಆ ಹೊಂಡದ ರಸ್ತೆಯಲ್ಲಿ, ಒಂದು ಸಲವೂ ಬೀಳಲಿಲ್ಲ.

ಹಲಸು ಬಿದ್ದದ್ದು ಆಟಿ ತಿಂಗಳು ಶುರುವಾದ ವಾರ, ಒಂದು ಶನಿವಾರ ಬೆಳಿಗ್ಗೆ. ಬೈಕು ಇರಬೇಕಾದ ಮಾಡಿನಲ್ಲಿ ಗಂಡ ಅಡಿಕೆಗೆ ಮದ್ದು ಬಿಡುವ ಪಂಪು, ಪೈಪಿನ ಸುರುಳಿ, ಏಣಿ ಎಲ್ಲ ತಂದು ಹಾಕಿದ್ದರು. ಹಿಂದಿನ ಸಂಜೆ ಶಾಲೆಯಿಂದ ಮಳೆಯಲ್ಲಿ ನೆನೆದು ಬಂದ ನಾನು ಬೇರೆ ದಾರಿಯಿಲ್ಲದೆ ಬೈಕನ್ನು ಕೊಟ್ಟಿಗೆಯ ಹಿಂದಿನ ಹಲಸಿನ ಮರದಡಿ ನಿಲ್ಲಿಸಿದ್ದೆ. ಆ ಮರದ ಹಣ್ಣು ಇಳಿಸಬೇಕೆಂದು ಹದಿನೈದು ದಿನದಿಂದ ಹೇಳುತ್ತಿದ್ದವಳು ನಾನೇ. "ಇಳಿಸುವ, ಇಳಿಸುವ" ಎನ್ನುವುದು ನನ್ನ ಗಂಡನ ಕುಲದ ಮಂತ್ರ.

ದೋಸೆ ಹೊಯ್ಯುತ್ತಿದ್ದೆ. ಹಿಂದಿನಿಂದ ಧಡ್ ಎಂದು ಕೇಳಿತು, ಆಮೇಲೆ ಗಾಜು ಒಡೆದ ಸದ್ದು. ಗಂಡ ಹಾಲಿನ ಡಿಪೋಗೆ ಹೋಗಿದ್ದರು. ಅತ್ತೆ ಟಿವಿಯ ಮುಂದೆ ಭಜನೆಗೆ ತಾಳ ಹಾಕುತ್ತಿದ್ದರು. ಹೋಗಿ ನೋಡಿದರೆ ಬೈಕು ಎಡಕ್ಕೆ ಅಡ್ಡ ಬಿದ್ದಿದೆ, ಕನ್ನಡಿ ಪುಡಿಯಾಗಿದೆ, ಟ್ಯಾಂಕಿನ ನೆತ್ತಿಯಲ್ಲಿ ಒಂದು ಹೊಂಡ, ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಹಲಸು. ಒಬ್ಬಳೇ ಬೈಕನ್ನು ಎತ್ತಿದೆ. ಎತ್ತುವಾಗ ಫುಟ್‌ರೆಸ್ಟ್ ಮೊಣಕಾಲಿಗೆ ಬಡಿದು ಚರ್ಮ ಎದ್ದಿತು. ಕಾಲು ತೊಳೆದು ಬಟ್ಟೆ ಕಟ್ಟಿಕೊಂಡು ಬರಲು ಒಳಗೆ ಹೋದೆ. ಅಷ್ಟರಲ್ಲಿ ದನ ಗೂಟ ಕಿತ್ತುಕೊಂಡು ಬಂದು ಹಲಸನ್ನು ಸಿಪ್ಪೆ, ಬೇಳೆ, ಅಂಟುವ ಮಯಣ ಸಮೇತ ತಿಂದು ಮುಗಿಸಿತ್ತು.

ಭಜನೆ ಮುಗಿಸಿ ಅತ್ತೆ ಹೊರಗೆ ಬಂದಾಗ ಕಂಡದ್ದು ಇಷ್ಟು: ಜಜ್ಜಿದ ಟ್ಯಾಂಕು, ಒಡೆದ ಕನ್ನಡಿ, ಎಡಬದಿ ಇಡೀ ಕೆಸರು, ಕುಂಟುವ ಸೊಸೆ.

"ಎಲ್ಲಿ ಬಿದ್ದದ್ದು?"

"ಬಿದ್ದದ್ದಲ್ಲ ಅತ್ತೆ. ಹಲಸಿನ ಹಣ್ಣು ಬಿದ್ದು ಬೈಕು ಅಡ್ಡ ಬಿತ್ತು."

"ಹಣ್ಣು ಎಲ್ಲಿ ಉಂಟು?"

"ದನ ತಿಂದಿತು."

ಅತ್ತೆ ದನದ ಕಡೆ ನೋಡಿದರು. ದನ ಮೆಲುಕು ಹಾಕುತ್ತ ಬೇರೆ ಕಡೆ ನೋಡಿತು. "ನಿನ್ನೆ ಸಂಜೆ ಬರುವಾಗ ಬಿದ್ದು, ಹೇಳದೆ ಸುಮ್ಮನಿದ್ದೆ, ಅಲ್ವಾ?" ಎಂದರು. "ಮಾತು ಮಾತೇ. ಬೈಕು ಕೊಟ್ಟುಬಿಡುವ."

ನಲವತ್ತಾರು ವರ್ಷದ ಹೆಂಗಸು ನಾನು. ನ್ಯೂಟನ್ನನ ನಿಯಮವನ್ನು ವರ್ಷವರ್ಷ ಪಾಠ ಮಾಡುವವಳು. ಮರದಿಂದ ಹಣ್ಣು ಕೆಳಕ್ಕೆ ಬೀಳುತ್ತದೆ ಎಂದು ನನ್ನ ಮನೆಯವರನ್ನು ಒಪ್ಪಿಸಲು ನನ್ನಿಂದಾಗಲಿಲ್ಲ.

ಗಂಡ ಬಂದರು. ಬೈಕಿಗೆ ಒಂದು ಸುತ್ತು ಬಂದು ಮರವನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ನಾನು ಹೇಳಿದ್ದನ್ನು ಕೇಳಿ, "ನೀನು ಹಲಸು ಅಂದ್ರೆ ಹಲಸೇ ಮಾರಾಯ್ತಿ," ಎಂದು ಹಾಲಿನ ಕ್ಯಾನು ತೊಳೆಯಲು ಹೋದರು.

ಮೈ ಉರಿಯಿತು. ಅತ್ತೆಯಾದರೂ ಎದುರಿಗೆ ನಿಂತು ಸುಳ್ಳಿ ಎಂದರು. ಈ ಮನುಷ್ಯ ಕೊಂಕು ಮಾತಾಡಿ ಜಾರಿಕೊಂಡರಲ್ಲ ಎಂದು ಆ ದಿನದಿಂದ ಅವರ ಜೊತೆ ಮಾತು ನಿಲ್ಲಿಸಿದೆ. ಊಟ ಬಡಿಸುತ್ತಿದ್ದೆ, ಅಷ್ಟೇ. ಅವರು ಏನು ಹೇಳಿದರೂ ನನ್ನ ಕಿವಿ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ಮುಂದೆ ಬೇಕಾಗುತ್ತದೆ.

ಬೈಕು ಮಾರುವ ಮಾತನ್ನು ಅತ್ತೆ ಒಂದು ಷರತ್ತಿನ ಮೇಲೆ ಮುಂದಕ್ಕೆ ಹಾಕಿದರು. "ಗೊತ್ತಿರುವವರು ಯಾರಾದ್ರೂ ನೋಡಿ ಹಲಸು ಅಂತ ಹೇಳ್ಲಿ, ಆಗ ಇಟ್ಕೊ," ಎಂದರು. ನಮ್ಮೂರಿನಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಜಜ್ಜಿದ ಟ್ಯಾಂಕಿನ ವಿಷಯದಲ್ಲಿ ಎಲ್ಲರೂ ಪಂಡಿತರೇ. ಶಾಲೆಯ ಡ್ರಿಲ್ ಮಾಸ್ಟರು ಟ್ಯಾಂಕಿಗೆ ಗಾಳಿ ತುಂಬಿಸಿದರೆ ಹೊಂಡ ತಾನಾಗಿ ಉಬ್ಬುತ್ತದೆ ಎಂದರು. ಅವರು ಇಡೀ ಜೀವಮಾನದಲ್ಲಿ ಗಾಳಿ ತುಂಬಿಸಿದ್ದು ವಾಲಿಬಾಲಿಗೆ ಮಾತ್ರ. ಬಿಸಿನೀರು ಹೊಯ್ದು ತಕ್ಷಣ ಐಸ್ ಇಡಿ ಎಂದರು ಹಿಂದಿ ಟೀಚರು, ಮೊಬೈಲಿನಲ್ಲಿ ಯಾವನೋ ಮಾಡಿ ತೋರಿಸಿದ್ದಾನಂತೆ. ಮೀನಿನ ಗಾಡಿಯವನೊಬ್ಬ ಪಾಯಿಖಾನೆಯ ರಬ್ಬರ್ ಒತ್ತಿ ಎಳೆಯಲು ಹೇಳಿದ. ಬಿಸಿನೀರು ಹೊಯ್ದೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಬಣ್ಣ ಗುಳ್ಳೆ ಎದ್ದದ್ದೇ ಲಾಭ. ಇಷ್ಟೂ ಜನ ಸಲಹೆ ಕೊಟ್ಟಾದ ಮೇಲೆ ತಲೆ ವಾಲಿಸಿ, "ಅಲ್ಲ, ನಿಜ ಹೇಳಿ, ಎಲ್ಲಿ ಬಿದ್ದದ್ದು?" ಎಂದು ಕೇಳುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನನ್ನ ಬೆನ್ನ ಹಿಂದೆ ಹೇಳಿದ್ದೂ ನನಗೆ ಗೊತ್ತು, ಹೇಳಿದವರು ಯಾರೆಂದೂ ಗೊತ್ತು.

ಸುಳ್ಯದಲ್ಲಿ ಒಬ್ಬ ಟಿಂಕರ್ ಕೆಲಸದವನಿದ್ದ. ಅವನಲ್ಲಿಗೆ ಗಂಡ ಸ್ಕೂಟರಿನಲ್ಲಿ ಜೊತೆಗೆ ಬಂದರು. ಬೈಕು ಓಡಿಸಿಕೊಂಡು ಬಂದದ್ದು ನಾನು, ಹೆಲ್ಮೆಟ್ ಕೈಯಲ್ಲಿ ಹಿಡಿದು ಎದುರು ನಿಂತದ್ದು ನಾನು. ಅವನು ಮಾತಾಡಿದ್ದು ಗಂಡನ ಹತ್ತಿರ. "ಮೇಡಂ ಬಿದ್ದದ್ದಲ್ವಾ ಅಣ್ಣ? ಲೇಡೀಸ್ ಬಿದ್ರೆ ಎಡಕ್ಕೇ ಬೀಳುದು," ಎಂದ. ಸರಿಮಾಡುವುದು ದಂಡ, ರೆಕ್ಸಿನಿನ ಟ್ಯಾಂಕ್ ಕವರ್ ಹಾಕಿಬಿಡಿ, ಯಾರಿಗೂ ಕಾಣುವುದಿಲ್ಲ ಎಂದೂ ಹೇಳಿದ. ನಮ್ಮ ಜಿಲ್ಲೆಯ ಸಮಸ್ತ ಸಮಸ್ಯೆಗಳಿಗೂ ಇದೇ ಪರಿಹಾರ, ಮೇಲೊಂದು ಕವರ್ ಹಾಕುವುದು. ನಾನು ಹೆಲ್ಮೆಟ್ ಹಾಕಿಕೊಂಡು ಅಲ್ಲಿಂದ ಹೊರಟೆ.

ಕಬಕದ ಬ್ಯಾರಿಯವರ ಹೆಸರು ಹೇಳಿದ್ದು ಪುತ್ತೂರಿನ ಒಬ್ಬ ಮೆಕ್ಯಾನಿಕ್. ಬ್ಯಾರಿಯವರು ಅರುವತ್ತು ದಾಟಿದವರು, ಗಲ್ಫಿನಲ್ಲಿ ಇಪ್ಪತ್ತು ವರ್ಷ ಕಾರುಗಳ ಜಜ್ಜು ತೆಗೆದು ಬಂದವರು. ವಿಟ್ಲದ ರಸ್ತೆಗೆ ತಾಗಿದ ಶೆಡ್ಡು, ಒಂದು ಗ್ಯಾಸ್ ಸಿಲಿಂಡರು, ಗೋಡೆಗೆ ನೇತುಹಾಕಿದ ಸುತ್ತಿಗೆಗಳು. ಒಬ್ಬರು ಟೀಚರು ಬರುತ್ತಾರೆಂದಷ್ಟೇ ಮೆಕ್ಯಾನಿಕ್ ಅವರಿಗೆ ಫೋನು ಮಾಡಿ ಹೇಳಿದ್ದ. ಈ ಸಲ ಒಬ್ಬಳೇ ಹೋದೆ. ಬೈಕು ನಿಲ್ಲಿಸಿದೆ, ಏನೂ ಹೇಳಲಿಲ್ಲ. ಕೇಳಲಿ, ಇವರೂ ಕೇಳಲಿ ಎಂದು ಹಲ್ಲು ಕಚ್ಚಿ ನಿಂತೆ.

ಅವರು ಕನ್ನಡಕ ಹಣೆಗೇರಿಸಿ ಹೊಂಡದ ಮೇಲೆ ಅಂಗೈ ಇಟ್ಟರು. ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರಿದರು.

"ಹಲಸಿನ ಹಣ್ಣಾ ಟೀಚರೇ?"

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಬಿದ್ದ ಬೈಕಿಗೆ ಬದಿಯಲ್ಲಿ ಆಗ್ತದೆ, ಹ್ಯಾಂಡಲ್ ತಿರುಗಿ ತಾಗಿ. ಉದ್ದಕ್ಕೆ ಇರ್ತದೆ. ಇದು ನೆತ್ತಿಗೆ ಬಿದ್ದದ್ದು. ತೆಂಗಿನಕಾಯಿ ಆದ್ರೆ ಸಣ್ಣ ಹೊಂಡ, ಆಳ ಜಾಸ್ತಿ. ಇದು ಅಗಲ. ಮತ್ತೆ ಇಲ್ಲಿ ನೋಡಿ," ಎಂದು ನನ್ನ ಕಣ್ಣಿಗೂ ಅಷ್ಟು ದಿನ ಬೀಳದಿದ್ದ ಚುಕ್ಕಿಗಳನ್ನು ತೋರಿಸಿದರು. ಬಣ್ಣದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಾಲು ಸಾಲು ಗುರುತು. "ಹಲಸಿನ ಮುಳ್ಳು."

"ಕಾಕ," ಎಂದೆ, "ಇದನ್ನೇ ಒಮ್ಮೆ ನಮ್ಮ ಅತ್ತೆಗೆ ಹೇಳ್ತೀರಾ?" ಅಲ್ಲಿಂದಲೇ ಫೋನು ಮಾಡಿ ಅವರ ಕೈಗೆ ಕೊಟ್ಟೆ. ಅವರು ಅತ್ತೆಗೆ ಅಷ್ಟನ್ನೂ ಇನ್ನೊಮ್ಮೆ ನಿಧಾನಕ್ಕೆ ವಿವರಿಸಿ, "ನಿಮ್ಮ ಸೊಸೆ ಹೇಳಿದ್ದು ಸರಿ ಅಮ್ಮ," ಎಂದು ಮುಗಿಸಿದರು. ಅತ್ತೆ, "ಅವರು ಹೇಳಿದ್ರೆ ಇರ್ಬಹುದು," ಎಂದರಂತೆ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಸೊಸೆಯ ಮಾತು ನಡೆಯದ ಕಡೆ, ಮುಖ ನೋಡದ ಮನುಷ್ಯನ ಮಾತು ಎರಡು ನಿಮಿಷದಲ್ಲಿ ನಡೆಯಿತು. ಆದರೂ ಬೈಕು ಉಳಿಯಿತಲ್ಲ, ನನಗೆ ಅಷ್ಟು ಸಾಕಿತ್ತು. ಕೇಳದೆಯೇ ನನ್ನನ್ನು ನಂಬಿದ ಒಬ್ಬರು ಈ ಮೂರು ತಾಲೂಕಿನಲ್ಲಿ ಇದ್ದಾರೆ ಎಂದು ಆ ದಿನ ಬಹಳ ಸಂತೋಷವಾಯಿತು.

ಕೆಲಸ ಹೇಗೆಂದು ಅವರು ಹೇಳಿದರು. ಟ್ಯಾಂಕಿನ ತಳದಲ್ಲಿ, ಸೀಟಿನ ಕಡೆ ಯಾರಿಗೂ ಕಾಣದಲ್ಲಿ, ಒಂದು ಕಿಟಕಿಯಷ್ಟು ಕತ್ತರಿಸಿ ಒಳಗಿನಿಂದ ಬಡಿದು ಎಬ್ಬಿಸುವುದು, ಮತ್ತೆ ಬೆಸುಗೆ ಹಾಕುವುದು. ಬೆಂಕಿ ಹಿಡಿಸುವ ಮೊದಲು ಒಳಗೆ ಪೆಟ್ರೋಲಿನ ವಾಸನೆ ಕೂಡ ಉಳಿಯಬಾರದು. "ಟ್ಯಾಂಕು ಬಿಚ್ಚಿ ಬಾಯಿಯವರೆಗೆ ನೀರು ತುಂಬಿಸಿ ಮೂರು ದಿನ ಇಡಿ. ಮತ್ತೆ ಚೆಲ್ಲಿ ತನ್ನಿ. ಇಲ್ಲಿ ನೀರಿನ ಪೈಪು ಒಂದೇ, ಮೂರು ಅಂಗಡಿಗೆ." ಬಣ್ಣ ಮಾತ್ರ ಈಗ ಇಲ್ಲ, ಆಟಿ ಕಳೆದು ಸೋಣದಲ್ಲಿ ಎಂದರು.

ಆಟಿಯಲ್ಲಿ ನಮ್ಮ ಕಡೆ ಯಾವ ಶುಭಕಾರ್ಯವನ್ನೂ ಮಾಡುವುದಿಲ್ಲ. ನನಗೆ ನಗು ಬಂತು. "ನೀವೂ ಆಟಿ ನೋಡುದಾ ಕಾಕ?"

"ನಾನು ನೋಡುದಲ್ಲ ಟೀಚರೇ, ಪೇಂಟು ನೋಡುದು. ಈ ತಂಡಿಗೆ ಹೊಡೆದ್ರೆ ಬೆಳ್ಳಗೆ ಮೋಡ ಕಟ್ತದೆ."

ಹೌದಲ್ಲ ಎನ್ನಿಸಿತು. ಗಾಳಿಯ ತೇವಾಂಶ, ನಾನೇ ಪಾಠ ಮಾಡುವ ವಿಷಯ. ಪಂಚಾಂಗವೆಂದು ನಗಾಡಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು, ಆದರೆ ಅವರ ಮಾತಿಗೆ ಕಾರಣ ಇತ್ತು ಎಂಬುದೇ ನನಗೆ ಇನ್ನೂ ಹಿಡಿಸಿತು. ಊರಿನ ಬಾಕಿ ಪಂಡಿತರಿಗೆ ಕಾರಣಗಳ ತೊಂದರೆ ಇರಲಿಲ್ಲ.

ಬುಧವಾರ ಸಂಜೆ ನಾನೇ ಟ್ಯಾಂಕು ಬಿಚ್ಚಿದೆ. ಸೀಟು ತೆಗೆದು, ಪೈಪು ಎಳೆದು, ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಕೆಳಗಿನ ತೂತಿಗೆ ರಬ್ಬರಿನ ಬಿರಡೆ ಹೊಡೆದು ಇಟ್ಟೆ. ಗಂಡ ಸಹಾಯಕ್ಕೆ ಬಂದರು. ಬೇಡ ಎಂದೆ. ಗುರುವಾರ ಬೆಳಿಗ್ಗೆ, ಮೋಡ ಕವಿದು ಅಂಗಳದಲ್ಲಿ ಇನ್ನೂ ಬೆಳಕು ಸರಿಯಾಗಿ ಇರಲಿಲ್ಲ. ಕರೆಂಟು ಇಲ್ಲ, ನಳ್ಳಿಯಲ್ಲಿ ನೀರಿಲ್ಲ. ಬಚ್ಚಲಿನ ಹೊರಗೆ ಸೂರಿನ ನೀರು ಹಿಡಿಯುವ ನೀಲಿ ಡ್ರಮ್ಮು ತುಂಬಿ ನಿಂತಿತ್ತು. ಚೆಂಬಿನಲ್ಲಿ ಮೊಗೆಮೊಗೆದು, ಆಲಿಕೆ ಇಟ್ಟು, ಟ್ಯಾಂಕಿನ ಬಾಯಿಯವರೆಗೆ ತುಂಬಿಸಿ ಮುಚ್ಚಳ ಹಾಕಿ ಬಸ್ಸಿಗೆ ಓಡಿದೆ.

ಆ ಸಂಜೆ ಗಂಡ ಕೇಳಿದರು, "ಡ್ರಮ್ಮಿನಿಂದ ನೀರು ತೆಗೆದ್ಯಾ? ಅಳತೆ ಕಮ್ಮಿ ಇತ್ತು."

"ನಿಮ್ಮ ಡ್ರಮ್ಮು ಯಾರಿಗೆ ಬೇಕು ಮಾರಾಯ್ರೆ," ಎಂದು ಮುಖ ತಿರುಗಿಸಿದೆ. ಅವರು ಮತ್ತೆ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಿರಡೆ ತೆಗೆದೆ. ಹೊರಗೆ ಬಂದದ್ದು ಹಸಿರು ನೀರು. ಅದರ ಹಿಂದೆ ಕೆಂಪು ಕೆಸರು. ಟಾರ್ಚು ಬಿಟ್ಟು ನೋಡಿದರೆ ಟ್ಯಾಂಕಿನ ಒಳಗೆ ತಿಕ್ಕಿದ ತಾಮ್ರದ ಚೆಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

ಅಂಗಳದಲ್ಲೇ ಕೂತುಬಿಟ್ಟೆ. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬಿಡುವ ಮದ್ದಿಗೆ ಹಿಂದಿನ ದಿನವೇ ಒಂದು ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಿಡುತ್ತಾರೆ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಸೇರಿಸಿ, ಹದ ನೋಡಲು ಕತ್ತಿಯ ತುದಿ ಅದ್ದುತ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ, ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತಿದೆ. ನಮ್ಮಲ್ಲಿ ಅಕ್ಷರ ಬಾರದವರಿಗೂ ಇದು ಗೊತ್ತು. ಮೈಲುತುತ್ತನ್ನು ಕಬ್ಬಿಣದ ಪಾತ್ರೆಗೆ ಹಾಕಿದವನನ್ನು ನೋಡಿ ನಾಲ್ಕು ಗ್ರಾಮದಲ್ಲಿ ನಗುತ್ತಾರೆ. ಇನ್ನು ನಾನೋ, ವರ್ಷಕ್ಕೊಂದು ಸಲ ಹತ್ತನೇ ತರಗತಿಯಲ್ಲಿ ತಾಮ್ರದ ಸಲ್ಫೇಟಿನ ನೀಲಿ ನೀರಿಗೆ ಕಬ್ಬಿಣದ ಮೊಳೆ ಇಳಿಬಿಟ್ಟು, "ನೋಡಿ ಮಕ್ಕಳೇ, ನೀಲಿ ಹೋಗಿ ಹಸಿರಾಯಿತು, ಮೊಳೆ ಕೆಂಪಾಯಿತು," ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು. ಮೈಲುತುತ್ತು ಅಂದರೆ ಅದೇ ತಾಮ್ರದ ಸಲ್ಫೇಟು. ಹದಿನೆಂಟು ವರ್ಷ ಆ ಪ್ರಯೋಗವನ್ನು ಮೊಳೆಯಿಂದ ಮಾಡಿದವಳು ಹತ್ತೊಂಬತ್ತನೆಯ ವರ್ಷ ಟ್ಯಾಂಕಿನಿಂದ ಮಾಡಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನೀಲಿ ಡ್ರಮ್ಮಿನಲ್ಲಿ ಯಾವ ನೀರೂ ನೀಲಿಯಾಗಿಯೇ ಕಾಣುತ್ತದೆ, ಅದು ನನ್ನ ಮೊದಲ ಸಮಾಧಾನ. ಸೂರಿನ ನೀರಿನ ಡ್ರಮ್ಮನ್ನು ಆಚೆ ಸರಿಸಿ ಮದ್ದಿನ ಡ್ರಮ್ಮನ್ನು ಅದೇ ಜಾಗದಲ್ಲಿಟ್ಟ ಗಂಡನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬುಧವಾರ ಊಟಕ್ಕೆ ಕೂತಾಗ ಅವರು ಏನೋ ಹೇಳಿದ್ದು ಆಗ ನೆನಪಾಯಿತು. "ಮಳೆ ಬಿಡುವು ಕೊಟ್ಟಿದೆ, ನಾಳೆ ಮದ್ದು ಬಿಡುದು. ಬಚ್ಚಲಿನ ಹತ್ತಿರದ ಡ್ರಮ್ಮು ಮುಟ್ಟಬೇಡ." ಶಬ್ದ ಶಬ್ದವೂ ನೆನಪಾಯಿತು. ಆ ಹೊತ್ತಿಗೆ ನಾನು ಅವರ ಮಾತು ಕೇಳದಿರುವ ಶಪಥದಲ್ಲಿದ್ದೆ.

ಟ್ಯಾಂಕು ಮೊದಲೇ ಹಳತು, ಒಳಗೆ ಅಲ್ಲಲ್ಲಿ ತುಕ್ಕು ಕೊರೆದದ್ದು. ನೀರು ತುಂಬಿಸಿ ಎತ್ತಿ ಹಿಡಿದರೆ ತಳದ ಸೇರುವೆಯಲ್ಲಿ ಐದಾರು ಕಡೆ ಹನಿ ಕಟ್ಟುತ್ತಿತ್ತು. ಹಲಸಿನ ಹಣ್ಣು ಹೊಂಡ ಮಾತ್ರ ಮಾಡಿತ್ತು. ತೂತು ಮಾಡಿದ್ದು ನಾನು.

ಮರುದಿನ ರಜೆ ಹಾಕಿ, ಟ್ಯಾಂಕನ್ನು ಗೋಣಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ, ಅಲ್ಲಿಂದ ಕಬಕಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ಯೋಚಿಸಿಕೊಂಡಿದ್ದೆ. ನಾನೇ ತಪ್ಪಿ ಹಾಕಿದೆ ಎಂದು ಹೇಳುವುದೆಂದೇ ತೀರ್ಮಾನಿಸಿದ್ದೆ. ಇದು ಸತ್ಯ.

ಬ್ಯಾರಿಯವರು ಟ್ಯಾಂಕಿನ ಬಾಯಿಗೆ ಬಲ್ಬು ಇಳಿಸಿ ನೋಡಿದರು. ಬೆರಳು ಹಾಕಿ ಉಜ್ಜಿ, ಬೆರಳನ್ನು ನೋಡಿದರು. "ಟೀಚರೇ, ಇದಕ್ಕೆ ಮೈಲುತುತ್ತು ಹಾಕಿದ್ದು ಯಾರು?"

ಪಕ್ಕದ ಅಂಗಡಿಯ ಇಬ್ಬರು ಚಹಾ ಕುಡಿಯುತ್ತ ನಿಂತಿದ್ದರು. ಅವರು ನನ್ನ ಕಡೆ ನೋಡಿದರು. ಆ ನಗು ಬರಲು ಹೊರಟದ್ದು ಅವರ ಬಾಯಿಯ ಅಂಚಿನಲ್ಲಿ ನನಗೆ ಕಂಡಿತು.

"ನಮ್ಮ ಮನೆಯವರು," ಎಂದೆ. "ಗೊತ್ತಿಲ್ಲದೆ ಹಾಕಿಬಿಟ್ಟಿದ್ದಾರೆ."

ಬ್ಯಾರಿಯವರು ತಲೆ ಅಲ್ಲಾಡಿಸಿದರು. ಅನುಮಾನದ ಒಂದು ಎಳೆಯೂ ಅವರ ಮುಖದಲ್ಲಿರಲಿಲ್ಲ. "ಅಡಿಕೆ ಮಾಡುವವರೇ ಹೀಗೆ ಮಾಡಿದ್ರೆ ಎಂತ ಹೇಳುದು? ಇರ್ಲಿ, ನೀವು ಅವರಿಗೆ ಬೈಬೇಡಿ. ನಾನು ಸರಿ ಮಾಡಿ ಕೊಡ್ತೇನೆ."

ನನ್ನನ್ನು ನಂಬುವವರು ಯಾರೂ ಇಲ್ಲವೆಂದು ಊರಿಡೀ ಸಿಡುಕಿಕೊಂಡು ತಿರುಗಿದವಳು, ನಂಬಿದ ಒಬ್ಬರಿಗೆ ಹೇಳಿದ್ದು ಸುಳ್ಳು. ಅದೂ ಎಷ್ಟು ಸಲೀಸಾಗಿ ಬಂತು. ಹಲಸಿನ ಸತ್ಯ ಹೇಳುವಾಗಲೆಲ್ಲ ನನ್ನ ದನಿ ನಡುಗುತ್ತಿತ್ತು, ಈ ಸುಳ್ಳಿಗೆ ಸ್ವಲ್ಪವೂ ನಡುಗಲಿಲ್ಲ. ಅಲ್ಲಿಂದ ಹೊರಟು ಬಸ್ಸಿನಲ್ಲಿ ಕೂತ ಮೇಲೆ, ಗೋಣಿ ಮಾತ್ರ ಉಳಿದಿದ್ದ ಖಾಲಿ ತೊಡೆ ನೋಡಿಕೊಂಡು, ನನ್ನ ಮೇಲೆಯೇ ಹೇಸಿಗೆಯಾಯಿತು. ಮರಳಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಸೋಣ ಬಂತು. ಟ್ಯಾಂಕು ಆಗಿದೆ ಎಂದು ಫೋನು ಬಂದ ದಿನ ಗಂಡನಿಗೂ ಪುತ್ತೂರಿನಲ್ಲಿ ಕೆಲಸವಿತ್ತು, ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ಬೇಡ ಎನ್ನಲು ನನ್ನಲ್ಲಿ ಕಾರಣ ಇರಲಿಲ್ಲ. ಬ್ಯಾರಿಯವರು ಟ್ಯಾಂಕನ್ನು ಒಂದು ಹಳೆಯ ಬೆಡ್‌ಶೀಟಿನಿಂದ ಬಿಡಿಸಿ ತೋರಿಸಿದರು. ಗಾಢ ಕೆಂಪು, ಅಂಚಿನಲ್ಲಿ ಮೊದಲಿದ್ದ ಹಾಗೆಯೇ ಬಿಳಿ ಗೆರೆ. ಹೊಂಡ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ತಳದ ಆರು ತೂತುಗಳನ್ನೂ ಹಿತ್ತಾಳೆಯಿಂದ ಮುಚ್ಚಿದ್ದರು. ಒಂದು ವಾರ ಪೆಟ್ರೋಲು ತಾಗಿಸಬೇಡಿ, ಬಣ್ಣ ಗಟ್ಟಿಯಾಗಲಿ ಎಂದರು.

ಆಮೇಲೆ ನನ್ನ ಗಂಡನ ಕಡೆ ತಿರುಗಿದರು. ಗದರಿಕೆಯಲ್ಲ, ಸಲುಗೆಯ ದನಿ. "ನೀವು ಅಡಿಕೆಗೆ ಮದ್ದು ಬಿಡುವವರಲ್ವಾ? ಮೈಲುತುತ್ತಿನ ನೀರು ಟ್ಯಾಂಕಿಗೆ ತುಂಬಿಸುದಾ? ಪಾಪ, ಟೀಚರು ಬಸ್ಸಿನಲ್ಲಿ ಹೊತ್ತುಕೊಂಡು ಬಂದ್ರು."

ಗಂಡ ನನ್ನ ಕಡೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು. ಅಳತೆ ಕಮ್ಮಿಯಾದ ಡ್ರಮ್ಮು, ನಾನು ತಿರುಗಿಸಿದ ಮುಖ, ಎಲ್ಲವೂ ಅವರಿಗೆ ಒಟ್ಟಿಗೆ ಅರ್ಥವಾದದ್ದು ನನಗೆ ಕಂಡಿತು.

"ಹೌದು ಬ್ಯಾರಿಗಳೇ," ಎಂದರು. "ಆ ದಿನ ಮಂಡೆ ಸರಿ ಇರ್ಲಿಲ್ಲ."

ವಾಪಸು ಬರುವಾಗ ಟ್ಯಾಂಕನ್ನು ಇಬ್ಬರ ನಡುವೆ ಇಟ್ಟುಕೊಂಡು ನಾನು ಹಿಂದೆ ಕೂತಿದ್ದೆ. ಬೆಳ್ಳಾರೆಯವರೆಗೂ ಅವರು ಆ ವಿಷಯ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಪಕ್ಕದ ಅಂಗಡಿಯ ಆ ಇಬ್ಬರು ಈ ಸಲವೂ ಚಹಾ ಕುಡಿಯುತ್ತ ನಿಂತು ಎಲ್ಲ ಕೇಳಿದ್ದರು. ಅವರಲ್ಲಿ ಒಬ್ಬನಿಗೆ ಬೆಳ್ಳಾರೆಯಲ್ಲಿ ನೆಂಟರಿದ್ದರೆಂದು ಕಾಣುತ್ತದೆ. ವಾರ ಕಳೆಯುವುದರೊಳಗೆ ಕಥೆ ಹಾಲಿನ ಡಿಪೋಗೆ ಬಂದಿತ್ತು. "ಎಂತ ಮಾರಾಯ್ರೆ, ಬೈಕಿಗೂ ಕೊಳೆರೋಗವಾ?" ಎಂದು ಒಬ್ಬರು ಕೇಳಿದರೆ, ಮುಂದಿನ ಸಲ ಸುಣ್ಣ ಸೇರಿಸಲು ಮರೆಯಬೇಡಿ ಎಂದು ಇನ್ನೊಬ್ಬರು. ಗಂಡ ನಗುತ್ತಿದ್ದರಂತೆ. ಅತ್ತೆಯ ಕಿವಿಗೂ ಬಿತ್ತು. "ಅವನು ಸಣ್ಣದಿರುವಾಗಲೇ ಹಾಗೆ, ಮಂಡೆ ಎಲ್ಲೋ, ಕೈ ಎಲ್ಲೋ," ಎಂದು ನನ್ನ ಹತ್ತಿರ ಹೇಳಿ, ಮೊದಲ ಸಲ ನನ್ನ ಪಕ್ಷ ವಹಿಸಿದರು. ಅವರೆದುರು ನಾನು ಬಟಾಟೆಯ ಸಿಪ್ಪೆ ತೆಗೆಯುತ್ತ ಕೂತಿದ್ದೆ. ಊರಿನವರ ನಗುವನ್ನು ಅಷ್ಟು ಹಳಿದವಳು, ಅದೇ ನಗುವಿಗೆ ಮನೆಯ ಮನುಷ್ಯನನ್ನು ಒಪ್ಪಿಸಿ ನಾನು ಹಿಂದೆ ನಿಂತಿದ್ದೆ.

ಹಲಸು ಬಿದ್ದ ದಿನ ಗಂಡ ಹೇಳಿದ ಆ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ನೀನು ಹಲಸು ಅಂದ್ರೆ ಹಲಸೇ. ಅದು ಕೊಂಕಾಗಿರಲಿಲ್ಲ. ಅಷ್ಟೇ ಸರಳವಾಗಿ ನಂಬಿ, ಕ್ಯಾನು ತೊಳೆಯಲು ಹೋಗಿದ್ದರು. ಕಬಕದವರಿಗೆ ಗುರುತು ನೋಡಿ ನಂಬಲು ಹಲಸಿನ ಮುಳ್ಳು ಬೇಕಾಗಿತ್ತು. ಇವರಿಗೆ ಅದೂ ಬೇಕಾಗಿರಲಿಲ್ಲ.

ಭಾನುವಾರ ಟ್ಯಾಂಕು ಕೂರಿಸಿದೆವು. ಈ ಸಲ ಅವರು ಸಹಾಯಕ್ಕೆ ಬಂದಾಗ ನಾನು ಬೇಡ ಎನ್ನಲಿಲ್ಲ. ಅವರು ಮುಂದಿನಿಂದ ಹಿಡಿದರು, ನಾನು ಹಿಂದಿನ ರಬ್ಬರನ್ನು ಸರಿಮಾಡಿ ಪೈಪು ಸಿಕ್ಕಿಸಿದೆ. ಅವರು ಬೋಲ್ಟಿಗೆ ಸ್ಪ್ಯಾನರ್ ಇಟ್ಟವರು ತಿರುಗಿಸಲಿಲ್ಲ. ಹೊಸ ಬಣ್ಣದ ಮೇಲೆ, ಹೊಂಡವಿದ್ದ ಜಾಗದಲ್ಲಿ, ಕೈ ಆಡಿಸಿದರು. ಅಲ್ಲಿ ಈಗ ಚುಕ್ಕಿಯೂ ಇರಲಿಲ್ಲ, ಮುಳ್ಳಿನ ಗುರುತೂ ಇರಲಿಲ್ಲ.

"ಒಂದು ಕೇಳುದಾ?" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಆವತ್ತು ಹಲಸಿನ ಹಣ್ಣು ಬಿದ್ದದ್ದು ನಿಜವಾ?"

ಬೇರೆ ಯಾರಾದರೂ ಕೇಳಿದ್ದರೆ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದೆ. ಎರಡು ತಿಂಗಳಿನಿಂದ ಈ ಪ್ರಶ್ನೆಗೆ ನಾನು ಇಟ್ಟುಕೊಂಡಿದ್ದ ಉತ್ತರಗಳೆಲ್ಲ ಬಾಯಿಯವರೆಗೆ ಬಂದು ಅಲ್ಲೇ ನಿಂತವು.

"ಹೌದು," ಎಂದೆ. ಅದು ಸತ್ಯ. ಆದರೂ ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಆಯ್ತು," ಎಂದು ಅವರು ಬೋಲ್ಟು ಬಿಗಿದರು. ನಾನು ಹಲಸು ಅಂದರೆ ಹಲಸೇ ಎಂದು ಈ ಸಲ ಹೇಳಲಿಲ್ಲ.